ಎರಡು ಬ್ರೆಡ್ಡಿನ ನಡುವಿನ ಮಾತು

ಒಬ್ಬರಿಗೆ ಬೇಸರವಾಗುವ ಮಾತನ್ನು ಅವರಿಗೆ ಬೇಸರವಾಗದಂತೆ ಹೇಳುವುದು ಹೇಗೆ ಎಂಬುದನ್ನು ಕಲಿಯಲು ನಾನು ಬ್ರಹ್ಮಾವರದ ತನಕ ಹೋಗಿ ಬಂದವಳು. ಪ್ರಮಾಣಪತ್ರವೂ ಇದೆ, ಕನ್ನಡಕದ ಡಬ್ಬಿಯ ಕೆಳಗೆ. ಆದರೂ ಮನೆಗೆ ಬಂದ ನೆಂಟರಿಗೆ ಕೊನೆಯ ಬಸ್ಸು ಹೊರಡುವ ಹೊತ್ತಾಯಿತು ಎಂದು ಹೇಳಲು ಇಂದಿಗೂ ನನ್ನಿಂದಾಗುವುದಿಲ್ಲ. ಹೇಳುವುದರ ಬದಲು ಇನ್ನೊಂದು ಲೋಟ ಚಾ ತಂದಿಡುತ್ತೇನೆ. ಇಂಥವಳನ್ನೇ ಆರಿಸಿ ನಾಯಕತ್ವ ತರಬೇತಿಗೆ ಕಳಿಸಿದ ನಮ್ಮ ಸಮಿತಿಯ ಬುದ್ಧಿವಂತಿಕೆಗೆ ಏನು ಹೇಳಲಿ?

ತಲ್ಲೂರಿನ ಬಸ್ ನಿಲ್ದಾಣದ ಪಕ್ಕದಲ್ಲಿ ನಮ್ಮದೊಂದು ಪುಟ್ಟ ಗ್ರಂಥಾಲಯ. ಸರಕಾರದ್ದಲ್ಲ, ಊರವರೇ ಟ್ರಸ್ಟ್ ಮಾಡಿ, ಸಮಿತಿ ಕಟ್ಟಿ ನಡೆಸುವುದು. ಪುಸ್ತಕ ಕೊಡುವವಳು, ಕಸ ಗುಡಿಸುವವಳು, ಕಾರ್ಯದರ್ಶಿ, ಎಲ್ಲವೂ ನಾನೇ. ಒಂದು ದಿನವೂ ಪಾಠ ಮಾಡದಿದ್ದರೂ ಎಲ್ಲರಿಗೂ ನಾನು ಟೀಚರ್. ಅಧ್ಯಕ್ಷರು ವಾಸು ಮಾಷ್ಟ್ರು, ಈ ಗ್ರಂಥಾಲಯವನ್ನು ಕಟ್ಟಿದವರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಕೊಟ್ಟ ತರಬೇತಿ ಇಷ್ಟೇ: "ಬಂದವ್ರ್ ಹತ್ರ ಎಂತ ಬೇಕ್ ಅಂತ ಕೇಣ್ಬೇಡ ಸುಮತಿ. ಬನ್ನಿ, ಕೂಕಣಿ ಅನ್ನ್. ಕೂಕಂಡವ್ರಿಗೆ ಎಂತ ಬೇಕಂತ ನಿಧಾನಕ್ಕೆ ನೆನಪಾತ್ತ್." ಬಂದವರನ್ನು ಮೊದಲು ಕೂರಿಸುವ ಆ ವಿದ್ಯೆಗೆ ಪ್ರಮಾಣಪತ್ರ ಕೊಟ್ಟಿರಲಿಲ್ಲ.

ನಮ್ಮಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿಯಿದೆ. ಬೆಳಿಗ್ಗೆ ಮೀನು ಮಾರಿ ಮುಗಿಸಿದ ಹೆಂಗಸರು ಬುಟ್ಟಿ ಇಳಿಸಿ ನಮ್ಮ ಜಗಲಿಯಲ್ಲಿ ಬಸ್ಸಿಗೆ ಕಾಯುತ್ತಾರೆ. ಮಾಷ್ಟ್ರು ಕುರ್ಚಿ ಹಾಕಿಕೊಂಡು ಅವರಿಗೆ ಪೇಪರ್ ಓದಿ ಹೇಳುತ್ತಾರೆ. ನಡುನಡುವೆ ಅವರಲ್ಲೊಬ್ಬಳಾದ ಮುತ್ತಕ್ಕನ ಪ್ರಶ್ನೆಗಳು, ಮಂತ್ರಿಗಳಿಗೆ ಮುತ್ತಕ್ಕನ ಬೈಗಳು. ಗ್ರಂಥಾಲಯದಲ್ಲಿ ಮೌನ ಕಾಪಾಡಿ ಎಂಬ ಬೋರ್ಡನ್ನು ಮಾಷ್ಟ್ರೇ ತೆಗೆಸಿ, ಅದರ ಬೆನ್ನಿಗೆ ಬಸ್ಸಿನ ವೇಳಾಪಟ್ಟಿ ಬರೆಸಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಬೆಳಿಗ್ಗೆ ಎದ್ದು ಅಂಗಿಗೆ ಇಸ್ತ್ರಿ ಹಾಕುತ್ತಿದ್ದುದೇ ಈ ಓದಿಗಾಗಿ.

ಕಳೆದ ವರ್ಷ ಒಂದು ದಿನ ಅವರು ತ್ರಾಸಿ ಕಡಲತೀರಕ್ಕೆ ಆಮೆ ಬಂದು ಮೊಟ್ಟೆಯಿಟ್ಟ ಸುದ್ದಿ ಓದಿದರು. ಮರುದಿನವೂ ಅದೇ ಆಮೆ ಬಂತು. ಅದರ ಮರುದಿನವೂ. ಕೈಯಲ್ಲಿದ್ದದ್ದು ಅದೇ ಹಳೆಯ ಪೇಪರ್. ಹೊಸದು ಮಡಿಕೆ ಬಿಚ್ಚದೆ ಮೇಜಿನ ಮೇಲಿತ್ತು. ಒಳಗೆ ಕುಳಿತಿದ್ದ ನಾನು ಅದನ್ನೆತ್ತಿ ತಾರೀಕು ನೋಡಿದೆ. ಆದರೆ ಹೊರಗೆ ಮುತ್ತಕ್ಕ ಮೊದಲ ಸಲ ಕೇಳಿದವಳಂತೆಯೇ, "ಅಯ್ಯೋ ದೇವ್ರೇ, ಹೌದಾ ಮಾಷ್ಟ್ರೇ? ಮೊಟ್ಟಿ ಇಟ್ಟ್ ಹಂಗೇ ಹೋಯ್ತಾ ಅದ್?" ಎಂದಳು. ಮಾಷ್ಟ್ರು ಹುರುಪಿನಿಂದ ವಿವರಿಸಿದರು. ಅವರು ಹೋದ ಮೇಲೆ ನಾನು ಮುತ್ತಕ್ಕನನ್ನು ಬದಿಗೆ ಕರೆದು, ಇದು ಹಳೆಯ ಸುದ್ದಿ ಎಂದು ಗೊತ್ತಾಗಲಿಲ್ಲವೇ ಎಂದು ಕೇಳಿದೆ. "ಗೊತ್ತಿಲ್ದೆ ಎಂತ ಟೀಚ್ರೇ?" ಎಂದು ಬುಟ್ಟಿ ಎತ್ತಿಕೊಂಡಳು. "ಮೀನಾರೆ ಹಾಳಾತ್ತ್, ಸುದ್ದಿ ಎಂತ ಹಾಳಾಪುದ್? ಅವ್ರಿಗ್ ಓದುಕ್ ಬೇಕ್, ನಮ್ಗ್ ಕೂಕಂಬುಕ್ ಬೇಕ್." ಬಸ್ಸು ಬಂದಿತ್ತು, ಹೋದಳು.

ಸಮಿತಿ ಮುತ್ತಕ್ಕನಷ್ಟು ಸಮಾಧಾನದ್ದಲ್ಲ. ಮಾಷ್ಟ್ರು ಒಂದು ಸಂಜೆ ಬಾಗಿಲು ತೆರೆದಿಟ್ಟು ಮನೆಗೆ ಹೋದರು, ದನ ಒಳಗೆ ಬಂದು ವಾರಪತ್ರಿಕೆಗಳನ್ನು ಮೇದಿತು. ಅಧ್ಯಕ್ಷರು ಬದಲಾಗಲೇಬೇಕು ಎಂದಾಯಿತು. ಹೇಳುವವರು ಯಾರು? ಎಲ್ಲರೂ ಫ್ಯಾನ್ ನೋಡಿದರು. ಆಗಲೇ ಬ್ರಹ್ಮಾವರದಲ್ಲಿ ಸೇವಾ ಸಂಸ್ಥೆಗಳ ಪದಾಧಿಕಾರಿಗಳಿಗೆ ತರಬೇತಿ ಇದೆಯೆಂದು ತಿಳಿದು, ನನ್ನನ್ನು ಬಸ್ಸು ಹತ್ತಿಸಿದರು.

ತರಬೇತಿ ಕೊಟ್ಟ ಹುಡುಗಿ ಚುರುಕಾದವಳು. ಕಹಿ ಮಾತನ್ನು ಎರಡು ಹೊಗಳಿಕೆಗಳ ನಡುವೆ ಇಟ್ಟು, ಸ್ಯಾಂಡ್‌ವಿಚ್ಚಿನಂತೆ ಕೊಡಬೇಕು ಎಂದಳು. ನಮ್ಮ ಮನೆಗಳಲ್ಲಿ ಜ್ವರ ಬಂದವರಿಗಷ್ಟೇ ಬ್ರೆಡ್ಡು ಕೊಡುವುದು ಎಂದು ಆ ಮಗುವಿಗೆ ಯಾರು ಹೇಳಬೇಕು? ಅಭ್ಯಾಸಕ್ಕೆ ಹಾಲಾಡಿಯ ಒಬ್ಬರು ನನ್ನ ಅಧ್ಯಕ್ಷರ ಪಾತ್ರ ವಹಿಸಿದರು. ನಾನು ಬಾಯಿ ತೆರೆಯುವ ಮೊದಲೇ, "ಆಯ್ತ್ ಮರ್ರೆ, ನಾಳಿಂದ ನಾ ಬತ್ತಿಲ್ಲೆ. ಊಟ ತಣ್ಣಗಾತ್ತ್" ಎಂದು ಎದ್ದುಹೋದರು. ನನಗೆ ಚಪ್ಪಾಳೆ ಸಿಕ್ಕಿತು.

ಮರುದಿನ ಮಾಷ್ಟ್ರ ಮುಂದೆ ನಿಂತೆ. "ನಿಮ್ಮಷ್ಟು ಚೆಂದ ಓದುವವರು ಈ ಸುತ್ತಿನಲ್ಲಿ ಇಲ್ಲ" ಎಂದೆ. ಅದು ಮೊದಲ ಬ್ರೆಡ್ಡು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕಾಲರಿನ ಇಸ್ತ್ರಿ ಒಂದು ಬದಿಗೆ ಮಾತ್ರ ಆಗಿತ್ತು, ಇನ್ನೊಂದು ಬದಿಯನ್ನು ಮರೆತಿದ್ದರು. ಅದನ್ನು ಕಂಡವಳು ನಡುವಿನ ಮಾತನ್ನು ದಾಟಿಹೋದೆ. "ನೀವಿಲ್ಲದಿದ್ದರೆ ಈ ಜಗಲಿಯೇ ಇಲ್ಲ" ಎಂದುಬಿಟ್ಟೆ. ಎರಡು ಬ್ರೆಡ್ಡೂ ಮುಗಿದವು. ಮಾಷ್ಟ್ರ ಮುಖ ಅರಳಿತು. "ನಿಂಗ್ ಹಂಗ್ ಕಂಡ್ರೆ ಇನ್ನೂ ಸ್ವಲ್ಪ ಸಮಯ ನಾನೇ ಇರ್ತೆ, ಆಯ್ತಾ?" ಎಂದರು. ಸಮಿತಿಯವರು ನನ್ನೊಡನೆ ಕೆಲವು ದಿನ ಮಾತು ಬಿಟ್ಟರು. ಬೇಸರವಾಗದಂತೆ ಹೇಳುವ ವಿದ್ಯೆ ಅವರು ಕಲಿತಿರಲಿಲ್ಲ.

ಕೊನೆಗೆ ಯಾರೂ ಹೇಳಬೇಕಾಗಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಓದುತ್ತಿದ್ದವರು ಒಂದು ವಾಕ್ಯದ ನಡುವೆ ನಿಂತರು. ಬೆರಳು ಸಾಲು ಹುಡುಕಿತು, ಮೇಲೆ ಹೋಯಿತು, ಕೆಳಗೆ ಬಂತು. ಬಸ್ಸು ಬಂದು ಹಾರ್ನ್ ಹಾಕಿತು, ಹೆಂಗಸರು ಒಬ್ಬರೂ ಏಳಲಿಲ್ಲ. ಬಸ್ಸು ಹೋಯಿತು. "ಸುಮತಿ, ಹಿಡಿ" ಎಂದು ಮಾಷ್ಟ್ರು ಪೇಪರ್ ನನ್ನತ್ತ ಚಾಚಿದರು. "ನೀ ಓದ್. ನಾ ಕೇಂತೆ." ಕುರ್ಚಿ ಬಿಟ್ಟು, ಮುತ್ತಕ್ಕ ಬುಟ್ಟಿ ಸರಿಸಿ ಮಾಡಿಕೊಟ್ಟ ಜಾಗದಲ್ಲಿ ಹೋಗಿ ಕುಳಿತರು. ನಾನು ಓದಿದೆ. ಅಕ್ಷರಗಳು ನೀರಿನಲ್ಲಿ ತೇಲುತ್ತಿದ್ದವು. ಏನು ಓದಿದೆನೋ, ಮಾಷ್ಟ್ರು ಮಾತ್ರ ಎಲ್ಲರಿಗಿಂತ ಮೊದಲು "ಹೌದಾ!" ಎಂದರು.

ಈಗ ಅವರು ಬೈಂದೂರಿನಲ್ಲಿ ಮಗಳ ಜೊತೆ ಇದ್ದಾರೆ. ಮಗಳು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಕಳೆದ ತಿಂಗಳು ಹೋಗಿದ್ದೆ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, ಗುರುತಿಲ್ಲದವರನ್ನು ಕರೆಯುವ ಹಾಗೆ ನಕ್ಕು, "ಬನ್ನಿ, ಕೂಕಣಿ" ಎಂದರು. ಏನು ಬೇಕೆಂದು ಕೇಳಲಿಲ್ಲ. ಕುಳಿತೆ. ನನಗೆ ಬೇಕಾದದ್ದು ನಿಧಾನಕ್ಕೆ ನೆನಪಾಯಿತು. ಅದನ್ನು ಅವರು ಕೊಡುವಂತಿರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ತ್ರಾಸಿ ದಾಟುವ ತನಕ ಕಿಟಕಿಯ ಕಡೆಗೇ ಮುಖ ಮಾಡಿ ಅತ್ತೆ.

ಜಗಲಿಯ ಓದು ಈಗ ನನ್ನದು. ಮೊನ್ನೆ ಕಡಲಿನಲ್ಲಿ ದೋಣಿ ಮಗುಚಿ ಎಲ್ಲರೂ ಈಜಿ ದಡ ಸೇರಿದ ಸುದ್ದಿ ಓದಿದೆ. "ಅಯ್ಯೋ ದೇವ್ರೇ, ಹೌದಾ ಟೀಚ್ರೇ?" ಎಂದಳು ಮುತ್ತಕ್ಕ, ಮೊದಲ ಸಲ ಕೇಳಿದವಳಂತೆಯೇ. ಮೆಲ್ಲಗೆ ಪುಟ ಮಗುಚಿ ತಾರೀಕು ನೋಡಿದೆ. ಆ ದಿನದ್ದೇ. ಆದರೂ ಸಮಾಧಾನವಾಗದೆ ಮುತ್ತಕ್ಕನ ಮುಖ ನೋಡಿದೆ. ಆ ಮುಖದಿಂದ ಏನೂ ತಿಳಿಯುವಂತಿಲ್ಲ. ಅಷ್ಟು ಒಳ್ಳೆಯ ತರಬೇತಿ ನಮ್ಮ ಸಂಸ್ಥೆಯಲ್ಲಿ ಅವಳೊಬ್ಬಳಿಗೇ ಆಗಿರುವುದು.