ರೋಮಿನ ಕವಣೆಗೆ ಆಧಾರ

ಓದಿದವರ ನಡುವೆ ಕೆಲಸ ಮಾಡುವವ ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಾನು ನಾಲ್ಕನೇ ಇಯತ್ತೆ ಓದಿದವ. ನವಲಗುಂದದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಹೊರುವ ಸಿಪಾಯಿ. ಹೋದ ವರ್ಷ ಹೆಂಡತಿ ತೀರಿಕೊಂಡಳು. ಮನೆಯಲ್ಲಿ ಮಾತಿಲ್ಲ. ಇದ್ದ ಮಾತೆಲ್ಲ ಕಾಲೇಜಿನಲ್ಲೇ.

೧. ಫ್ರಿಜ್ಜಿನ ಕಾಲು

ನಮ್ಮ ಇತಿಹಾಸದ ಸರ್ ಹಂಗಾಮಿ ನೌಕರ. ಈ ವರ್ಷ ಪಿಎಚ್.ಡಿ. ಆಗದಿದ್ದರೆ ಮುಂದಿನ ವರ್ಷ ಬರಬೇಡ ಎಂದಿದ್ದರು ಕಾಲೇಜಿನವರು. ಅವರ ವಿಷಯ, ಹಳೇ ರೋಮ್ ದೇಶದ ಆಯುಧ ಬಡಿದರೆ ಮನುಷ್ಯನಿಗೆ ಏನಾಗುತ್ತಿತ್ತು ಅಂತ. ಕತ್ತಿ ಮುಗಿದಿತ್ತು, ಭರ್ಚಿ ಮುಗಿದಿತ್ತು. ಕವಣೆ ಉಳಿದಿತ್ತು.

ಅದರ ಪುಸ್ತಕ ನಮ್ಮಲ್ಲಿ ಒಂದೇ. ಪ್ರಿನ್ಸಿಪಾಲರು ಒಯ್ದು ಒಂಬತ್ತು ವರ್ಷ. ಕೇಳುವ ಧೈರ್ಯ ಯಾರಿಗೂ ಇಲ್ಲ, ಅವರ ಮನೆಗೆ ನನ್ನನ್ನು ಕಳಿಸಿದರು. ಪುಸ್ತಕ ಅವರ ಫ್ರಿಜ್ಜಿನ ಒಂದು ಕಾಲಿನ ಕೆಳಗಿತ್ತು.

"ತಗೀಬ್ಯಾಡಪಾ, ಫ್ರಿಜ್ ಅಳ್ಳಾಡತೈತಿ," ಅಂದರು ಅವರ ಮನೆಯವರು.

ಹೊರಗಿನಿಂದ ಇಟ್ಟಿಗೆ ತಂದು ಇಟ್ಟೆ. ಅವರು ಫ್ರಿಜ್ ಅಲುಗಿಸಿ ನೋಡಿದರು.

"ಈಗ ಬರೋಬ್ಬರಿ ನಿಂತಿತು ನೋಡು. ಆ ಪುಸ್ತಕಕ್ಕ ಇನ್ನೊಂದು ನೂರು ಪುಟ ಇರಬೇಕಿತ್ತು."

೨. ಯಾವ ವಿಶ್ವವಿದ್ಯಾಲಯ?

ಪುಸ್ತಕದಲ್ಲಿ ಗಾಯದ ಅಧ್ಯಾಯವನ್ನೇ ಗೆದ್ದಲು ತಿಂದಿತ್ತು. ಸರ್ ತಲೆಯ ಮೇಲೆ ಕೈ ಹೊತ್ತರು.

"ಕವಣಿ ಏನ್ರಿ ಸರ? ನಮ್ಮ ಮನ್ಯಾಗ ಐತ್ರಿ," ಅಂದೆ.

ಜೋಳದ ಹಕ್ಕಿ ಓಡಿಸಲು ನನ್ನ ಹೆಂಡತಿ ಹೆಣೆದದ್ದು. ಎರೆ ಮಣ್ಣಿನ ಹೊಲದಲ್ಲಿ ಕಲ್ಲು ಸಿಗುವುದಿಲ್ಲ. ಮಣ್ಣಿನ ಗುಂಡು ಮಾಡಿ ಒಲೆಯಲ್ಲಿ ಸುಡುತ್ತಿದ್ದಳು. ತೆನೆ ಅಲುಗದಂತೆ ಗಿಳಿಗೆ ಹೊಡೆಯುತ್ತಿದ್ದಳು. ಒಮ್ಮೆ ನಾನು ಹೇಳದೆ ಕೇಳದೆ ಬೆಳೆಯ ನಡುವೆ ಎದ್ದು ನಿಂತೆ. ಮುಂದಿನ ಎರಡು ಹಲ್ಲು ಹೋದವು. ಸರ್‌ಗೆ ಬಾಯಿ ತೆರೆದು ತೋರಿಸಿದೆ.

ಅವರು ಖುಷಿಯಾಗಿ ತಮ್ಮ ಪಿಎಚ್.ಡಿ. ನೋಡಿಕೊಳ್ಳುವ ಗೈಡ್ ಸಾಹೇಬರಿಗೆ ಫೋನ್ ಹಚ್ಚಿದರು.

"ಸಂಶೋಧನಾ ಮಾಡಿದವರು ಯಾರು?"

"ನಮ್ಮ ಸಿಪಾಯಿ ಕಾಕಾನ ಹೆಂಡ್ತಿ, ಸರ."

"ಯಾವ ವಿಶ್ವವಿದ್ಯಾಲಯ?"

"ಹೊಲದಾಗ, ಸರ. ಕಾಕಾನ ಎರಡು ಹಲ್ಲು..."

"ಹಲ್ಲು ದಂತವೈದ್ಯರ ವಿಷಯ. ಇತಿಹಾಸಕ್ಕ ಬರಂಗಿಲ್ಲ."

೩. ಸುರಕ್ಷಿತ ಜಾಗ

ಸರ್ ಬಿಡಲಿಲ್ಲ. ಕೈಕಾಲು ಹಿಡಿದು ಗೈಡ್ ಸಾಹೇಬರನ್ನು ನಮ್ಮ ಹೊಲಕ್ಕೆ ಕರೆತಂದರು.

"ಹಗ್ಗದಿಂದ ಏನಾಗತೈತಿ? ಪೆಟ್ಟು ಆಗಂಗಿಲ್ಲ ಅಂತ ಬರಿ," ಅಂದರು ಸಾಹೇಬರು. ಹಾಗೆ ಬರೆದರೆ ಅಧ್ಯಾಯ ಹೋಯಿತು, ನೌಕರಿಯೂ ಹೋಯಿತು. ಸರ್ ನನ್ನ ಮುಖ ನೋಡಿದರು.

ಅವಳು ಹೋದ ಮೇಲೆ ಆ ಕವಣೆ ಯಾರೂ ಮುಟ್ಟಿರಲಿಲ್ಲ. ಗಂಟಿನಲ್ಲಿ ಅವಳ ಕೂದಲೊಂದು ಸಿಕ್ಕಿತ್ತು. ಬಿಡಿಸಲಿಲ್ಲ.

"ಗುರಿ ಆಕೀದ್ರಿ, ನಂದಲ್ಲ," ಅಂದೆ.

"ಹಂಗಾರ ನಾ ನಿನ್ನ ಹಿಂದ ನಿಲ್ಲತೀನಿ," ಅಂದರು ಸಾಹೇಬರು.

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಆ ಕಡೆ ತಿರುಗಿ ಮಾತಿಗೆ ಹತ್ತಿದರು. ನಾನು ಬೀಸಿದೆ. ಬಿಡುವ ಹೊತ್ತು ತಪ್ಪಿತು. ಗುಂಡು ಹಿಂದಕ್ಕೆ ಹೋಯಿತು.

ಸಾಹೇಬರು ಬರುವಾಗ ಕಾರಿನಲ್ಲಿ ಕೂತು ಬಂದಿದ್ದರು. ಹೋಗುವಾಗ ಬೋರಲು ಮಲಗಿ ಹೋದರು.

೪. ತೋರಿಸ್ರಲ್ಲ

ಮೂರನೇ ದಿನಕ್ಕೆ ವಿಶ್ವವಿದ್ಯಾಲಯದಲ್ಲಿ ಸಭೆ. ಅಲ್ಲಿ ಒಪ್ಪಿದರೆ ಪಿಎಚ್.ಡಿ. ಆದ ಹಾಗೇ. ಪುಸ್ತಕದ ಗಂಟು ಹೊತ್ತು ನಾನೂ ಹೋದೆ. ಎಲ್ಲರೂ ಕೂತಿದ್ದರು. ಗೈಡ್ ಸಾಹೇಬರು ಮಾತ್ರ ನಿಂತಿದ್ದರು.

ಒಬ್ಬ ಹಿರಿಯ ಪ್ರೊಫೆಸರು ಕನ್ನಡಕ ಏರಿಸಿದರು. "ಕವಣಿ ಪೆಟ್ಟು ಇಷ್ಟು ಜೋರ ಅಂತ ಬರದೀರಲ್ಲ, ಆಧಾರ ಎಲ್ಲೈತಿ?"

ಸರ್ ಹಾಳೆ ಹಿಂದೆ ಮುಂದೆ ತಿರುವಿದರು. ನೌಕರಿ ಹೋಯಿತು ಅಂದುಕೊಂಡೆ.

"ಆಧಾರ ಐತ್ರಿ," ಅಂದರು ಗೈಡ್ ಸಾಹೇಬರು.

"ಐತಿ ಅಂದ್ರ ತೋರಿಸ್ರಲ್ಲ."

ಸಾಹೇಬರು ಮೆಲ್ಲಗೆ ಹಿಂದೆ ಸರಿದು ಗೋಡೆಗೆ ಬೆನ್ನು ಮಾಡಿ ನಿಂತರು.

"ಸಭಾದಾಗ ತೋರಸೂ ಹಂಗಿಲ್ರಿ. ಪಾಸ್ ಮಾಡ್ರಿ."