ಗುಂಡನ ಸೊಂಟ

ನಾಯಿ ಸಾಕುವುದರಲ್ಲಿ ಅಂಥ ಕಷ್ಟವೇನಿದೆ ಎಂದು ಹೇಳಿದವನು ನಾನೇ. ಹೊತ್ತಿಗೆ ಸರಿಯಾಗಿ ಊಟ ಹಾಕಬೇಕು, ವಾಕಿಂಗ್ ಕರೆದುಕೊಂಡು ಹೋಗಬೇಕು, ಆಗಾಗ ತಲೆ ಸವರಬೇಕು. ಇಷ್ಟನ್ನು ನನಗೆ ಯಾರಾದರೂ ಮಾಡಿದ್ದರೆ ನಾನು ಬಾಲವಿಲ್ಲದೆಯೂ ಅಲ್ಲಾಡಿಸುತ್ತಿದ್ದೆ! ಹೀಗೆ ಈ ಪರದೇಶದಲ್ಲಿ, ಫ್ರಿಸ್ಕೋ ಊರಿನ ನಮ್ಮ ಮನೆಗೆ ಜರ್ಮನ್ ಶೆಫರ್ಡ್ ಮರಿಯೊಂದು ಬಂತು. ಮೈಗಿಂತ ಪಾದಗಳೇ ದೊಡ್ಡವು. ದುಂಡಗಿದ್ದಾನೆಂದು ಗುಂಡ ಎಂದು ಹೆಸರಿಟ್ಟೆವು. ಮೊದಲ ತಪ್ಪು ಅದೇ.

ನಾಯಿಡಾಕ್ಟರು ಗುಂಡನನ್ನು ತೂಗಿ ನೋಡಿ ಕನ್ನಡಕ ಮೇಲೇರಿಸಿದರು. ದೊಡ್ಡ ಜಾತಿಯ ಮರಿಗಳಿಗೆ ಬೆಳೆಯುವಾಗ ಹಿಪ್ಪಿನ ಕೀಲು ಸಡಿಲವಾಗುವ ಭಯವಿದೆಯಂತೆ. ಇವನ ತಾಯಿಗೂ ಆ ತೊಂದರೆ ಇತ್ತಂತೆ. ಇವನಿಗೆ ಬಂದೇ ಬರುತ್ತದೆ ಎಂದಲ್ಲ, ಬರಬಹುದು. ಆದ್ದರಿಂದ ನಿಧಾನವಾಗಿ ಬೆಳೆಯಲಿ, ಜಾರುವ ನೆಲ ಬೇಡ, ಮೆಟ್ಟಿಲು ಬೇಡ, ಹುಲ್ಲಿನ ಮೇಲೆ ತನ್ನಷ್ಟಕ್ಕೆ ಆಡಿಕೊಂಡಿರಲಿ. ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ವೇಸ್ಟ್ ಕಾಣಬೇಕು. ದೊಡ್ಡವನಾದ ಮೇಲೆ ಎಕ್ಸ್‌ರೇ ತೆಗೆದು ನೋಡೋಣ ಎಂದರು.

ಸಂಜೆ ನನ್ನ ಹೆಂಡತಿ ಸುಮಾ ಲಾಸ್ ಕೊಲಿನಾಸ್‌ನ ಆಫೀಸಿನಿಂದ ಟ್ರಾಫಿಕ್ ದಾಟಿಕೊಂಡು ಬಂದಳು.

"ಏನಂದ್ರು ಡಾಕ್ಟ್ರು?"

"ಸೊಂಟ ಕಾಣಬೇಕಂತೆ. ಇಲ್ದಿದ್ರೆ ಸೊಂಟ ಹೋಗುತ್ತಂತೆ."

"ಕಾಣೋದು ಯಾವುದ್ರೀ, ಹೋಗೋದು ಯಾವುದು?"

"ಕಾಣೋದು ವೇಸ್ಟು, ಹೋಗೋದು ಹಿಪ್ಪು. ನಾವು ಎರಡಕ್ಕೂ ಸೊಂಟ ಅಂತೀವಿ, ನಾನೇನು ಮಾಡಲಿ?"

ಸುಮಾ ಗುಂಡನ ಸೊಂಟ ನೋಡಿದಳು. ಆಮೇಲೆ, ಯಾರೂ ಕೇಳದಿದ್ದರೂ, ನನ್ನ ಸೊಂಟವನ್ನೂ ನೋಡಿದಳು. "ಅಂದ್ರೆ ಸೊಂಟ ಉಳೀಬೇಕಂದ್ರೆ ಸೊಂಟ ಕಾಣಬೇಕು," ಎಂದು ಸಾರಾಂಶ ಹೇಳಿ ಕಾಫಿ ಬೆರೆಸಲು ಹೋದಳು.

ಮರುದಿನವೇ ನನ್ನ ಏಕಸದಸ್ಯ ಅಧ್ಯಕ್ಷತೆಯಲ್ಲಿ ಸೊಂಟ ಸಂರಕ್ಷಣಾ ಅಭಿಯಾನ ಆರಂಭವಾಯಿತು. ನಮ್ಮ ಮನೆಯ ಮರದ ನೆಲ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತದೆ. ಅದರ ಮೇಲೆ ಗುಂಡ ಜಾರಬಾರದೆಂದು, ನನ್ನ ಅತ್ತೆ ಮೈಸೂರಿನಿಂದ ಹೊತ್ತು ತಂದಿದ್ದ ಜಮಖಾನವನ್ನು ಸುಮಾಳನ್ನು ಕೇಳದೆ ಹಾಸಿದೆ. ಜಮಖಾನವೂ ಜಾರುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ. ಗುಂಡ ಓಡಿಬಂದು ಅದರ ಮೇಲೆ ಹಾರಿದ. ಜಮಖಾನ ಅವನನ್ನು ಕೂರಿಸಿಕೊಂಡು ನಡುಮನೆಯಿಂದ ಅಡುಗೆಮನೆಗೆ ಹೋಯಿತು. ಅವನಿಗೆ ಪರಮಾನಂದ. ತಿರುಗಿ ಬಂದು ಮತ್ತೆ ಹಾರಿದ. ಜಾರುವುದನ್ನು ತಪ್ಪಿಸಲು ಹೋಗಿ ನಾನು ಅವನಿಗೆ ವಾಹನ ಒದಗಿಸಿದ್ದೆ!

ಕೊನೆಗೆ ಜಮಖಾನದ ಸುತ್ತ ಟೇಪ್ ಅಂಟಿಸಿದೆ. ವಾಹನ ನಿಂತಿತು. ಬೇಸರಗೊಂಡ ಗುಂಡ ಅದರ ಅಂಚಿನ ದಾರಗಳನ್ನು ಒಂದೊಂದಾಗಿ ಎಳೆದು ಹಾಕತೊಡಗಿದ.

ಊಟದ ವಿಭಾಗದಲ್ಲಿ ಶತ್ರು ಬೇಲಿಯಾಚೆ ಇದ್ದರು. ಪಕ್ಕದ ಮನೆಯ ಸರೋಜಾ ಆಂಟಿ ಧಾರವಾಡದವರು, ಮಗನ ಜೊತೆ ಇದ್ದಾರೆ. ನಾನು ಕಪ್ಪಿನಲ್ಲಿ ಅಳೆದು ಊಟ ಹಾಕುವುದನ್ನು ನೋಡಿ ಅವರ ಕರುಳು ಚುರುಕ್ಕೆಂದಿತ್ತು.

"ಏನ್ರಿ ಇದು, ಕೂಸಿಗೆ ಅಳತಿ ಮಾಡಿ ಊಟಾ ಹಾಕತೀರಿ? ಎಷ್ಟ್ ಸೊರಗ್ಯಾನ ನೋಡ್ರಿ!"

"ತೆಳ್ಳಗಿರಬೇಕು ಅಂತ ಡಾಕ್ಟ್ರೇ ಹೇಳಿದಾರೆ ಆಂಟಿ."

"ಡಾಕ್ಟರಿಗೇನ್ರಿ, ಅವರು ಉಂಡು ಬಂದಿರತಾರ."

ಬೇಲಿಯ ಮೇಲಿಂದ ತುಪ್ಪ ಸವರಿದ ಚಪಾತಿ ಬಂತು. ಗುಂಡನಿಗೆ ಸಿಗಬಾರದೆಂದು ನಾನೇ ತಿಂದೆ. ಇದು ದಿನಚರಿಯಾಯಿತು. ಅವನ ಆರೋಗ್ಯಕ್ಕಾಗಿ ನಾನು ಎಷ್ಟು ಚಪಾತಿಗಳನ್ನು ಬಲಿ ತೆಗೆದುಕೊಂಡೆನೋ ಲೆಕ್ಕವಿಲ್ಲ!

ಎಲ್ಲವೂ ಹತೋಟಿಯಲ್ಲಿದೆ ಎಂದುಕೊಂಡಿರುವಾಗ ಒಂದು ಶನಿವಾರ ಬೆಳಿಗ್ಗೆ ಗುಂಡ ಹಿಂಗಾಲೊಂದನ್ನು ಎತ್ತಿಕೊಂಡು ಕುಂಟಿದ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ, ಸೋಮವಾರ ಕರೆತನ್ನಿ, ಅಲ್ಲಿಯವರೆಗೆ ಓಡಿಸಬೇಡಿ ಎಂದರು. ಹನ್ನೊಂದು ವರ್ಷದ ನಮ್ಮ ಮಗಳು ಅದಿತಿ ಅವನ ಪಕ್ಕದಲ್ಲೇ ಮಲಗಿಬಿಟ್ಟಳು.

"ಅಪ್ಪಾ, ವಿಲ್ ಹೀ ಎವರ್ ರನ್ ಅಗೇನ್?"

ಆ ದೊಡ್ಡ ಪಾದದ ಪೆದ್ದನನ್ನು ನಾನು ಇಷ್ಟು ಹಚ್ಚಿಕೊಂಡಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ವಿಷಯ ಬೇಲಿ ದಾಟಿತು. "ಔಡಲೆಣ್ಣಿ ಬೆಚ್ಚಗ ಮಾಡಿ ಟೊಂಕಕ್ಕ ತಿಕ್ಕರಿ," ಎಂದರು ಸರೋಜಾ ಆಂಟಿ. "ನಮ್ಮ ಕಡೆ ಕೂಸಿಗೆಲ್ಲಾ ಹಂಗ ತಿಕ್ಕಿ ಎರೀತಾರ. ಎಲುಬು ಕಬ್ಬಿಣ ಆಗತಾವ."

ಔಡಲೆಣ್ಣೆ ಎಂದರೆ ನಮ್ಮ ಹರಳೆಣ್ಣೆ, ಟೊಂಕ ಎಂದರೆ ಮತ್ತದೇ ಸೊಂಟ. ಸುಮಾ ಮಾತ್ರ, "ಸೋಮವಾರ ಡಾಕ್ಟ್ರು ನೋಡ್ತಾರೆ. ಅಲ್ಲೀತನಕ ದಯವಿಟ್ಟು ಸುಮ್ನಿರಿ," ಎಂದಳು. ಸುಮ್ಮನಿರುವ ವಿದ್ಯೆಯೊಂದು ನನಗೆ ಒಲಿದಿಲ್ಲ.

ಭಾನುವಾರ ಅವಳು ತರಕಾರಿಗೆ ಹೋದಾಗ ಗುಂಡನಿಗೆ ಅಭ್ಯಂಜನ ನೆರವೇರಿತು. ಕೀಲು ಎಲ್ಲಿದೆಯೋ ತಿಳಿಯದಿದ್ದರಿಂದ ಬೆನ್ನು, ಸೊಂಟ, ತೊಡೆ ಎಲ್ಲಕ್ಕೂ ಧಾರಾಳವಾಗಿ ತಿಕ್ಕಿದೆ. ಅವನು ಕಣ್ಣು ಮುಚ್ಚಿ ಮದುಮಗನ ಗಾಂಭೀರ್ಯದಿಂದ ಕುಳಿತಿದ್ದ. ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆದುಕೊಂಡಿತು!

ಮದುಮಗ ಮೂರೇ ಕಾಲಿನಲ್ಲಿ ಹೊರಟ. ಮೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಓಡಿಸಬೇಡಿ ಎಂದಿದ್ದರಲ್ಲ, ತಡೆಯಬೇಕೆಂದು ನಾನೂ ಓಡಿದೆ. ಗುಂಡ ಜಮಖಾನದ ಮೇಲೆ ಗಕ್ಕನೆ ನಿಂತ. ನಾನು ನಿಲ್ಲಲಿಲ್ಲ. ಬಾಗಿಲವರೆಗೂ ಹೋದೆ, ಕುಳಿತುಕೊಂಡೇ ಹೋದೆ. ಬಾಗಿಲ ಗಾಜಿನಾಚೆ ಎರಡೂ ಕೈಯಲ್ಲಿ ಚೀಲ ಹಿಡಿದ ಸುಮಾ ನಿಂತಿದ್ದಳು.

"ನಾನೇನು ಹೇಳಿದ್ದೆ?" ಎಂದಳು.

"ಸುಮ್ನಿರಿ ಅಂತ," ಎಂದೆ, ನೆಲದಿಂದಲೇ.

ಸೋಮವಾರ ಸುಮಾಳ ಜೊತೆ ಕ್ಲಿನಿಕ್ಕಿಗೆ ಗುಂಡನೂ ನಾನೂ ಇಬ್ಬರೂ ಕುಂಟುತ್ತಲೇ ಹೋದೆವು. ರಿಸೆಪ್ಷನ್ನಿನ ಹುಡುಗಿ ನಮ್ಮಿಬ್ಬರನ್ನೂ ನೋಡಿ, ಪೇಷಂಟ್ ಯಾರು ಎಂದು ಕೇಳಿದಳು. ಡಾಕ್ಟರು ಗುಂಡನನ್ನು ಮುಟ್ಟಿ, ಕೈ ಒರೆಸಿಕೊಂಡು, ಮತ್ತೆ ಮುಟ್ಟಿ, ಮತ್ತೆ ಕೈ ಒರೆಸಿಕೊಂಡರು. ಹಿಂಗಾಲನ್ನು ಮಡಿಸಿ ಚಾಚಿ ನೋಡಿದರು. ಹಿಪ್ ಸದ್ಯಕ್ಕೆ ಚೆನ್ನಾಗಿಯೇ ಇದೆ, ಮುಂದೆ ಎಕ್ಸ್‌ರೇಯಲ್ಲಿ ಇನ್ನೊಮ್ಮೆ ನೋಡೋಣ ಎಂದರು. ನಂತರ ಪಾದದ ರೋಮ ಸರಿಸಿ, ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದ ಒಂದು ಕೆಂಪು ದಾರವನ್ನು ಕತ್ತರಿಸಿ ತೆಗೆದರು. ಸೊಂಟಕ್ಕೆ ಅಷ್ಟೆಲ್ಲ ಎಣ್ಣೆ ಹಚ್ಚಿದವನು ಪಾದ ನೋಡಿರಲಿಲ್ಲ!

ಸುಮಾ ದಾರವನ್ನು ಬೆಳಕಿಗೆ ಹಿಡಿದಳು. "ಇದು ನಮ್ಮಮ್ಮನ ಜಮಖಾನದ್ದು," ಎಂದಳು. ನಾನು ಸುಮ್ಮನಿದ್ದೆ. ಕೊನೆಗೂ ಆ ವಿದ್ಯೆ ಒಲಿಯಿತು.

ಹೀಗಾಗಿ ಗುಂಡನಿಗಿಂತ ಮೊದಲು ನನಗೇ ಎಕ್ಸ್‌ರೇ ಆಯಿತು. ಮೂಳೆ ಮುರಿದಿಲ್ಲ, ಆದರೆ ಹಿಪ್ಪಿನ ಕೀಲು ಸವೆಯತೊಡಗಿದೆ ಎಂದರು ನನ್ನ ಡಾಕ್ಟರು. ತೂಕ ಇಳಿಸಿ, ಜಾರುವ ನೆಲದಲ್ಲಿ ಓಡಬೇಡಿ, ಸದ್ಯಕ್ಕೆ ಮೆಟ್ಟಿಲು ಬೇಡ, ಹುಲ್ಲಿನ ಮೇಲೆ ನಿಧಾನವಾಗಿ ನಡೆಯಿರಿ. ಪಕ್ಕದಲ್ಲಿದ್ದ ಸುಮಾ, ಮೊದಲೇ ಓದಿದ್ದ ಪಾಠದಂತೆ, ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಳು.

ಈಗ ನಮ್ಮ ಮನೆಯಲ್ಲಿ ಒಂದೇ ಅಳತೆಯ ಕಪ್ಪು, ಎರಡು ತಟ್ಟೆ. ಸಂಜೆ ಹಿತ್ತಲಿನ ಹುಲ್ಲಿನ ಮೇಲೆ ಗುಂಡ ಚೆಂಡಿನಂತೆ ಪುಟಿಯುತ್ತಾನೆ, ನಾನು ಅವನ ಹಿಂದೆ ಸುಖವಾಗಿ ಕುಂಟುತ್ತೇನೆ. ಚಪಾತಿಗಳು ಬೇಲಿಯಲ್ಲೇ ನಿಂತಿವೆ. ಭಾನುವಾರ ಅದಿತಿಯ ತಪಾಸಣೆ. ಗುಂಡನನ್ನು ಸವರಿದ ಕೂಡಲೇ, "ಫೌಂಡ್ ಇಟ್!" ಎಂದು ಕೂಗುತ್ತಾಳೆ. ಪಕ್ಕೆಲುಬು ಸಿಕ್ಕಿತೆಂದು ಅರ್ಥ. ಆಮೇಲೆ ನನ್ನ ಪಾಳಿ.

ಇನ್ನೂ ಹುಡುಕುತ್ತಿದ್ದಾಳೆ.