ಓಡ್ವಾರನ ಭಾನುವಾರ

ಆರು ದಿನ ಸೃಷ್ಟಿ ಮಾಡಿದ ದೇವರು ಏಳನೆಯ ದಿನ ಸುಮ್ಮನೆ ಕೂತು ದಣಿವಾರಿಸಿಕೊಂಡ. ಅವನ ಪುಣ್ಯ, ಅವನಿಗೆ ಅಕ್ಕಪಕ್ಕದವರಿರಲಿಲ್ಲ. ಓಡ್ವಾರನಿಗಿದ್ದರು.

ಓಡ್ವಾರ್ ನಮ್ಮೂರಿನ ಬೇಕರಿಯವನು. ನಾರ್ವೆಯ ಒಳನಾಡಿನ ಈ ಪುಟ್ಟ ಊರು ಇನ್ನೂ ಗೊರಕೆ ಹೊಡೆಯುತ್ತಿರುವಾಗಲೇ ಎದ್ದು ಹಿಟ್ಟು ನಾದುವವನು. ಭಾನುವಾರ ಒಂದು ದಿನ ಒಲೆಯ ಪಕ್ಕದ ಸೋಫಾದಲ್ಲಿ ಕಾಲು ಚಾಚಿ, ಏಲಕ್ಕಿ ಬನ್ನು ತಿಂದು, ರೇಡಿಯೋದಲ್ಲಿ ಪ್ರಾರ್ಥನೆ ಕೇಳುತ್ತ ಹಾಗೇ ನಿದ್ದೆಹೋಗಬೇಕೆಂಬುದು ಅವನ ಬಹುಕಾಲದ ಆಸೆ.

ಆದರೆ ನಮ್ಮೂರಲ್ಲಿ ಬಿಸಿಲಿರುವ ಭಾನುವಾರ ಜನ ಹಿಮದ ಮೇಲೆ ಜಾರುವ ಉದ್ದನೆಯ ಸ್ಕೀ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ಮನೆಯಲ್ಲಿ ಕೂತವನು ರೋಗಿಯೆಂದೇ ಲೆಕ್ಕ. ಒಮ್ಮೆ ಓಡ್ವಾರ್ ಜ್ವರವೆಂದು ಸುಳ್ಳು ಹೇಳಿ ಮಲಗಿದ್ದಕ್ಕೆ ಅರ್ಧ ಬೀದಿ ಮೀನಿನ ಸಾರು ಹಿಡಿದು ಬಂತು. ವಾರವಿಡೀ ಅವನ ಬ್ರೆಡ್ಡೂ ಮೀನು ನಾರುತ್ತಿತ್ತು.

ಆ ವಾರ ಕಿಟಕಿಗಳೇ ಮುಚ್ಚಿಹೋಗುವಷ್ಟು ಹಿಮ ಬಿತ್ತು. ಶನಿವಾರ ಸಂಜೆ ಮೋಡ ಹರಿದು ಆಕಾಶ ತೊಳೆದ ತಟ್ಟೆಯಂತೆ ಹೊಳೆದಾಗ ಊರೆಲ್ಲ ಹಿಗ್ಗಿತು. ಓಡ್ವಾರನ ಎದೆ ಮಾತ್ರ ಕುಸಿಯಿತು. ತಾನು ಬರುವುದಿಲ್ಲವೆನ್ನುವ ಧೈರ್ಯ ಅವನಿಗಿರಲಿಲ್ಲ. ಸ್ಕೀಗಳೇ ಬರುವುದಿಲ್ಲವೆಂದರೆ?

ಚಳಿಯ ಹೊಸ ಹಿಮಕ್ಕೆ ಸ್ಕೀಯ ತಳಕ್ಕೆ ಗಟ್ಟಿಯಾದ ನೀಲಿ ಮೇಣ ಹಚ್ಚಬೇಕೆಂಬುದು ತೊಟ್ಟಿಲ ಕೂಸಿಗೂ ಗೊತ್ತು. ಅಂಟುಮೇಣ ಇರುವುದು ಕರಗಿದ ಒದ್ದೆ ಹಿಮದಲ್ಲಿ ಹಿಂದಕ್ಕೆ ಜಾರದಿರಲು; ಹೊಸ ಹಿಮವನ್ನಾದರೆ ಅದು ಮೆತ್ತಿಕೊಂಡುಬಿಡುತ್ತದೆ. ಓಡ್ವಾರ್ ಬಾಗಿಲು ಹಾಕಿಕೊಂಡು, ದೇವರ ಕ್ಷಮೆ ಕೇಳಿ, ಅದೇ ಅಂಟುಮೇಣವನ್ನು ಬ್ರೆಡ್ಡಿಗೆ ಬೆಣ್ಣೆ ಬಳಿದಂತೆ ಸ್ಕೀಗಳ ತಳಕ್ಕೆ ಬಳಿದ.

ಬೆಳಿಗ್ಗೆ ಬಾಗಿಲು ತಟ್ಟಿದವರು ಪಕ್ಕದ ಮನೆಯ ಬೋರ್ಘಿಲ್ಡ್ ಟೀಚರ್. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು. ಅವರ ಹಿಂದೆ ಎದುರುಮನೆಯ ಹಾಲ್‌ವರ್, ರಸ್ತೆಯ ಹಿಮ ತಳ್ಳುವ ಯಂತ್ರ ಓಡಿಸುವವನು.

ಓಡ್ವಾರ್ ಹೆಜ್ಜೆಯಿಟ್ಟ. ಹಿಮ ಸ್ಕೀಗೆ ಮೆತ್ತಿತು. ಇನ್ನೊಂದು ಹೆಜ್ಜೆಗೆ ಇನ್ನಷ್ಟು ಮೆತ್ತಿತು. ಬೀದಿ ದಾಟಿ, ಬೆಟ್ಟದ ಕಡೆ ಸ್ಕೀಗಳು ಕೊರೆದ ಜಾಡಿನಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನು ಹಾಲ್‌ವರನಿಗಿಂತ ಒಂದು ಗೇಣು ಎತ್ತರವಾಗಿದ್ದ. ಮುಖ ಸಣ್ಣದು ಮಾಡಿಕೊಂಡು, ತಾನು ಸ್ಕೀ ಬಿಚ್ಚಿ ಜಾಡು ಹಿಡಿದು ನಡೆದು ಮನೆಗೆ ಹೋಗುವುದಾಗಿ ಹೇಳಿದ.

"ಸ್ಕೀ ಜಾಡಲ್ಲಿ ಬೂಟುಗಾಲಿಟ್ಟು ಜಾಡು ಕೆಡಿಸ್ತೀಯೇನೋ?" ಎಂದರು ಟೀಚರ್, ಅವನು ಚರ್ಚಿನಲ್ಲಿ ಉಗುಳುತ್ತೇನೆ ಎಂದಂತೆ.

ಜಾಡು ಬಿಟ್ಟರೆ ಎರಡೂ ಕಡೆ ಸೊಂಟಮಟ್ಟ ಹಿಮ. ಹಾಲ್‌ವರ್ ಚಾಕು ತೆಗೆದು ಮೇಣ ಕೆರೆಯಲು ಕೂತ. ಮೇಣ ಸ್ಕೀ ಬಿಡಲಿಲ್ಲ. ಚಾಕು ಮೇಣ ಬಿಡಲಿಲ್ಲ. ಕೈಗವಸು ಚಾಕುವಿಗಂಟಿತು, ಬೆವರೊರೆಸಲು ಹೋದಾಗ ಗಡ್ಡ ಕೈಗವಸಿಗಂಟಿತು. ಟೀಚರ್ ಗಡ್ಡ ಬಿಡಿಸಿದರು, ಅರ್ಧ ಅಲ್ಲೇ ಉಳಿಯಿತು.

ಇಷ್ಟಾದ ಮೇಲಾದರೂ ತನ್ನನ್ನು ಬಿಟ್ಟಾರೆಂದು ಓಡ್ವಾರ್ ಕಾದ. ಹಾಲ್‌ವರ್ ಚೀಲದಿಂದ ಹಗ್ಗ ತೆಗೆದ. ಊರಿನ ಬೇಕರಿಯವನನ್ನು ಹಟಮಾರಿ ಆಡಿನಂತೆ ಬೆಟ್ಟಕ್ಕೆ ಎಳೆದೊಯ್ದದ್ದನ್ನು ದಾರಿಯುದ್ದಕ್ಕೂ ಜನ ನಿಂತು ನೋಡಿದರು.

ತುದಿಯಲ್ಲಿ ಕಾಫಿ ಕುಡಿದು ಕಿತ್ತಳೆ ಸುಲಿಯುವಾಗ ಪಡುವಣ ಗಾಳಿ ಬೀಸಿತು. ಬೆಚ್ಚನೆಯ ಗಾಳಿ, ಅದರ ಬೆನ್ನಿಗೆ ತುಂತುರು ಮಳೆ. ನೋಡುನೋಡುತ್ತ ಜಾಡು ಎಣ್ಣೆ ಸುರಿದ ಬಾಂಡಲಿಯಂತಾಯಿತು. ಊರಿಗೆ ಮರಳಲು ನಡುವೆ ಒಂದು ದಿಬ್ಬ ಹತ್ತಬೇಕು. ನೀಲಿ ಮೇಣದ ಹಾಲ್‌ವರ್ ಎರಡು ಹೆಜ್ಜೆ ಹತ್ತಿ ಮೂರು ಹೆಜ್ಜೆ ಜಾರಿದ. ಟೀಚರ್ ಹಿಮ್ಮುಖವಾಗಿಯೇ ಪೊದೆ ಸೇರಿದರು. ಓಡ್ವಾರನ ಅಂಟುಮೇಣದ ಸ್ಕೀಗಳು ಮಾತ್ರ ನೆಲ ಕಚ್ಚಿ ಹಿಡಿದವು.

ಹಗ್ಗ ಈಗ ಅವನ ಸೊಂಟಕ್ಕೆ ಬಂತು. ಮೊದಲು ಟೀಚರನ್ನು, ಆಮೇಲೆ ಹಾಲ್‌ವರನನ್ನು, ಆಮೇಲೆ ಕೈಬೀಸಿ ಕರೆದ ಅಪರಿಚಿತರನ್ನೂ ಅವನು ದಿಬ್ಬ ಹತ್ತಿಸಿದ. ಜನ್ಮದಲ್ಲಿ ಅಷ್ಟು ಸ್ಕೀ ಮಾಡಿರಲಿಲ್ಲ.

ಓಡ್ವಾರನ ಮನೆಯ ಜಗುಲಿಯಲ್ಲಿ ಮೂವರೂ ಕುಸಿದು ಕೂತಾಗ ಟೀಚರ್ ಭಕ್ತಿಯಿಂದ ಕೇಳಿದರು, ಗಾಳಿ ತಿರುಗುವುದು ಅವನಿಗೆ ಹೇಗೆ ತಿಳಿಯಿತೆಂದು.

"ಗಾಳಿ ಗೀಳಿ ಏನೂ ಗೊತ್ತಿರಲಿಲ್ಲ ಟೀಚರ್. ನನಗೆ ಬರೋಕೆ ಇಷ್ಟ ಇಲ್ಲ. ಯಾವತ್ತೂ ಇರಲಿಲ್ಲ. ವಾಪಸ್ ಕಳಿಸ್ತೀರಿ ಅಂತ ಆ ಮೇಣ ಹಚ್ಕೊಂಡೆ."

ಟೀಚರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನನಗೇನು ಇಷ್ಟ ಅಂದ್ಕೊಂಡ್ಯಾ? ನನ್ನ ಮಂಡಿ ಕಥೆ ನನಗೇ ಗೊತ್ತು. ನಿಮ್ಮಮ್ಮ ತೀರ್ಕೊಂಡ ಚಳಿಗಾಲ, ಒಬ್ಬನೇ ಕೊರಗ್ತಿದೀಯಲ್ಲ ಅಂತ ಕರೆದೆ. ನೀನು ಬಂದೆ. ಆಮೇಲೆ ಬಿಡೋದು ಹೇಗೆ?"

ಹಾಲ್‌ವರ್ ಉಳಿದರ್ಧ ಗಡ್ಡ ನೀವಿಕೊಂಡ. "ಟೀಚರ್ ಬಿದ್ದು ಸೊಂಟ ಮುರ್ಕೊಂಡಾರು ಅಂತ ನಾನು ಬರ್ತಿದ್ದೆ. ವಾರವೆಲ್ಲ ಹಿಮ ತಳ್ಳೋನು, ಭಾನುವಾರನೂ ಅದರ ಮುಖ ನೋಡೋಕೆ ನನಗೇನು ಹುಚ್ಚಾ?"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇನ್ನು ಮೇಲೆ ಭಾನುವಾರ ಯಾರೂ ಸ್ಕೀ ಮುಟ್ಟಕೂಡದೆಂದು ತೀರ್ಮಾನವಾಯಿತು. ಆ ರಾತ್ರಿ ಓಡ್ವಾರ್ ಮೊಣಕಾಲೂರಿ ದೇವರಿಗೆ ವಂದಿಸಿದ.

ಮುಂದಿನ ಭಾನುವಾರ. ಹೊರಗೆ ಹೊಸ ಹಿಮ, ಬಿಸಿಲು. ಓಡ್ವಾರ್ ಕಾಲು ಚಾಚಿ ಬನ್ನು ಬಾಯಿಗಿಟ್ಟ. ಬಾಗಿಲು ತಟ್ಟಿದ ಸದ್ದು.

"ಬೆಟ್ಟಕ್ಕಂತೂ ಹೋಗಲ್ಲ," ಎಂದರು ಟೀಚರ್ ಹೆಣಿಗೆಯ ಬುಟ್ಟಿಯೊಂದಿಗೆ ಒಳಬರುತ್ತ. "ಹಾಗಂತ ನಿನ್ನೊಬ್ಬನನ್ನೇ ಬಿಡೋಕಾಗುತ್ತಾ?"

ಹಿಂದೆಯೇ ಹಾಲ್‌ವರ್, ಅವನ ಹೆಂಡತಿ, ಹೆಂಡತಿಯ ತಮ್ಮ. ಮಂಡಿನೋವೆಂದು ಟೀಚರ್ ಸೋಫಾದ ಉದ್ದಕ್ಕೂ ಕಾಲು ನೀಡಿದರು. ಬನ್ನುಗಳು ಮುಗಿದವು. ರೇಡಿಯೋದ ಪ್ರಾರ್ಥನೆಯ ಮೇಲೆ ಹಾಲ್‌ವರನ ಗೊರಕೆ ಏರಿತು.

ಸ್ವಲ್ಪ ಹೊತ್ತಿಗೆ ಬೆಟ್ಟದಲ್ಲಿದ್ದವರು ಒಂದು ಸೋಜಿಗ ಕಂಡರು. ಬೇಕರಿಯ ಓಡ್ವಾರ್ ಒಬ್ಬನೇ, ಆಗಾಗ ಹಿಂತಿರುಗಿ ನೋಡುತ್ತ, ನಾಯಿ ಬೆನ್ನಟ್ಟಿದ ಮೊಲದಂತೆ ಸ್ಕೀಯಲ್ಲಿ ಏರುತ್ತಿದ್ದ. ತುದಿ ಮುಟ್ಟಿ, ಯಾರೂ ಇಲ್ಲದ ಕಡೆ ಹಿಮದ ಮೇಲೆ ಕಾಲು ಚಾಚಿ ಕಣ್ಣುಮುಚ್ಚಿದ. ಎಂಥ ನೆಮ್ಮದಿ.

ಆಗ ಕೆಳಗಿನ ಮರಗಳ ನಡುವಿನಿಂದ ಹಾಲ್‌ವರನ ಏದುಸಿರಿನ ದನಿ ತೇಲಿಬಂತು.

"ಟೀಚರ್, ಸಿಕ್ಕಿದ. ಇಲ್ಲಿದಾನೆ, ಪಾಪ, ಒಬ್ಬನೇ ಕೂತಿದಾನೆ."